ಬಾಣವಿಲ್ಲದ ಠೇಂಕಾರ

ನ್ಯೂಜಿಲೆಂಡಿಗೆ ಹೋಗಿ ಬಿಲ್ಲಿನಲ್ಲಿ ಕಾಡುಮೇಕೆ ಬೇಟೆಯಾಡುತ್ತೇನೆ ಎಂದು ಮಗಳು ಪ್ರಣತಿ ಹೇಳಿದಾಗ ನಾಗಮಣಿ ಬೈಯಲಿಲ್ಲ. ಬೈಯುವುದಕ್ಕಿಂತ ಪ್ರಶ್ನೆ ಕೇಳುವ ಚಟ ಅವಳಿಗೆ ಜಾಸ್ತಿ. ಸಿಂಗಪುರದ ಬೆಡೋಕ್‌ನಲ್ಲಿದ್ದ ಮನೆಯಿಂದ ಬಸ್ಸು ಹತ್ತಿ ತಾನೂ ಬಿಲ್ಲಿನ ಅಂಗಡಿಗೆ ಹೊರಟಳು.

ಅಂಗಡಿಯ ಸುಭಾಷ್ ಮೈಸೂರಿನವನು. ಪ್ರಣತಿ ನೇರವಾಗಿ ನಲವತ್ತು ಪೌಂಡಿನ ಬಿಲ್ಲು ಕೇಳಿದಳು. ಬೇಟೆಗೆ ಅಷ್ಟಾದರೂ ಬೇಕಂತೆ.

"ಅಷ್ಟು ಭಾರ ಇವಳು ಎತ್ತುತ್ತಾಳಾ?" ನಾಗಮಣಿ ಕೇಳಿದಳು.

"ಅದು ಎತ್ತೋ ತೂಕ ಅಲ್ಲ ಆಂಟಿ, ಹೆದೆ ಎಳೆಯೋಕೆ ಬೇಕಾದ ಬಲ. ಫಸ್ಟ್ ಇಪ್ಪತ್ನಾಲ್ಕು ಸಾಕು. ನಡುವಿನ ಹಿಡಿ ಅದೇ ಇರುತ್ತೆ, ಆಮೇಲೆ ಅದರ ಮೇಲೆ ಕೆಳಗೆ ಬಾಗೋ ಎರಡು ತೋಳು ಮಾತ್ರ ಚೇಂಜ್ ಮಾಡಿದ್ರಾಯ್ತು." ಅವನು ಬಿಲ್ಲಿನ ತೋಳಿನ ಮೇಲೆ ಹತ್ತಿ ಸವರಿ ತೋರಿಸಿದ. "ದಿನಾ ಹೀಗೆ ಚೆಕ್ ಮಾಡಿ. ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಸೀಳಿದೆ ಅಂತ. ಆಮೇಲೆ ಎಳೀಬೇಡಿ, ಮುರಿದು ಮುಖಕ್ಕೇ ಹಾರುತ್ತೆ."

ಹತ್ತು ತಿಂಗಳು ಪ್ರಣತಿ ಬೆವರು ಸುರಿಸಿದಳು. ನಲವತ್ತರ ತೋಳುಗಳೂ ಬಂದವು. ಉಳಿದದ್ದು ಒಂದೇ ಪರೀಕ್ಷೆ: ಇಪ್ಪತ್ತು ಮೀಟರ್ ದೂರದಿಂದ ಐದಕ್ಕೆ ಐದೂ ಬಾಣ ಊಟದ ತಟ್ಟೆಯಷ್ಟು ಜಾಗದಲ್ಲಿ ನಾಟಬೇಕು. ಆ ವೀಡಿಯೋ ನೋಡದೆ ನ್ಯೂಜಿಲೆಂಡಿನ ಬೇಟೆಯ ಗೈಡು ಯಾರನ್ನೂ ಬಿಲ್ಲು ಮುಟ್ಟಲು ಬಿಡುವುದಿಲ್ಲ. ಪರೀಕ್ಷೆ ಆಯುಧಪೂಜೆಯ ಸಂಜೆಗೆ, ವಿಮಾನ ಗುರುವಾರಕ್ಕೆ.

ವರ್ಷವರ್ಷವೂ ಲ್ಯಾಪ್‌ಟಾಪಿಗೆ, ಮಿಕ್ಸಿಗೆ ಕುಂಕುಮವಿಟ್ಟು ಬೇಸತ್ತಿದ್ದ ನಾಗಮಣಿಗೆ ಈ ಸಲ ಮನೆಯಲ್ಲಿ ನಿಜವಾದ ಆಯುಧವೇ ಸಿಕ್ಕಿತ್ತು. ಪ್ರಣತಿ ಹೆದೆ ಕಟ್ಟಿದ ಬಿಲ್ಲನ್ನು ಮಣೆಯ ಮೇಲಿಟ್ಟು ಸ್ನಾನಕ್ಕೆ ಹೋದಳು. ಕುಂಕುಮ, ಹೂವು, ಮಂಗಳಾರತಿ ಎಲ್ಲ ಆಯಿತು. ಪುರಾಣದ ವೀರರು ಯುದ್ಧಕ್ಕೆ ಮೊದಲು ಹೆದೆ ಮೀಟಿ ಠೇಂಕಾರ ಮಾಡುತ್ತಾರಲ್ಲ, ಅದು ಹೇಗೆ ಕೇಳಿಸುತ್ತದೋ? ಲಂಗ ತೊಡುವ ವಯಸ್ಸಿನಿಂದ ಉಳಿದುಕೊಂಡ ಕುತೂಹಲ. ನಾಗಮಣಿ ಕೈಲಾದಷ್ಟು ಎಳೆದು ಬಿಟ್ಟಳು.

ಠೇಂಕಾರವೂ ಇಲ್ಲ, ಗೀಂಕಾರವೂ ಇಲ್ಲ. ಚಿಟ್ ಎಂದಿತು.

ಕಣ್ಣಿಗೆ ಏನೂ ಕಾಣಲಿಲ್ಲ. ಹೂಬತ್ತಿಯ ಹತ್ತಿಯನ್ನೇ ಬಿಡಿಸಿ ಸವರಿದಳು. ಕುಂಕುಮದ ಪಕ್ಕದಲ್ಲಿ ಎಳೆ ಸಿಕ್ಕಿಕೊಂಡಿತು. ಹೇಳಿದರೆ ಮಗಳ ಹತ್ತು ತಿಂಗಳು ನೀರುಪಾಲು. ಹೇಳದಿದ್ದರೆ ಸಂಜೆ ಈ ಬಿಲ್ಲು ಮಗಳ ಕೆನ್ನೆಯ ಹತ್ತಿರವೇ ಇರುತ್ತದೆ.

ಒದ್ದೆ ಕೂದಲಲ್ಲಿ ಬಂದ ಮಗಳಿಗೆ ಅವಳು ಹತ್ತಿ ತೋರಿಸಿದಳು. "ಬಾಣ ಇಲ್ದೆ ಎಳೆದುಬಿಟ್ಟೆ ಕಣೇ."

"ಯಾಕಮ್ಮಾ?"

"ಶಬ್ದ ಕೇಳ್ಬೇಕು ಅನ್ನಿಸ್ತು."

ಬಾಣವಿಲ್ಲದೆ ಬಿಟ್ಟರೆ ಹೆದೆಯ ಬಲವೆಲ್ಲ ತೋಳಿಗೇ ಬಡಿದು ಸೀಳುತ್ತದೆ, ಹೊಸ ತೋಳು ಬರಲು ಮೂರು ವಾರ ಎಂದ ಸುಭಾಷ್ ಫೋನಿನಲ್ಲಿ. ಪ್ರಣತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಗಮಣಿ ಹಬ್ಬದಡುಗೆ ಮುಚ್ಚಿಟ್ಟು ಹೊರಗೇ ಕೂತು ಅತ್ತಳು.

ನಾಲ್ಕು ಗಂಟೆಗೆ ಬಾಗಿಲು ತೆರೆಯಿತು. ಪ್ರಣತಿಯ ಕಣ್ಣು ಊದಿತ್ತು, ಕೈಯಲ್ಲಿ ಇಪ್ಪತ್ನಾಲ್ಕರ ಹಳೆಯ ತೋಳುಗಳಿದ್ದವು. "ಗುರುವಾರ ನಾನು ಸುಮ್ನೆ ನೋಡೋಕೆ ಹೋಗ್ತೀನಿ. ಈಗ ನೀನು ಬಾ ಲಾ," ಎಂದಳು ಸಿಂಗಪುರದ ಧಾಟಿಯಲ್ಲಿ, "ಬಾಣ ಹಾಕಿ ಎಳೆದು ನೋಡು."

ಮೈದಾನದಲ್ಲಿ ನಾಗಮಣಿ ಬಿಟ್ಟ ಬಾಣ ತಟ್ಟೆ ಬಿಟ್ಟು ಎಲ್ಲೋ ನಾಟಿತು. ಹೆದೆ ಮಾತ್ರ ಕಿವಿಯ ಪಕ್ಕದಲ್ಲೇ ಗುಂಯ್ ಎಂದಿತು.

"ಇನ್ನೊಂದು ಕೊಡ್ತೀಯಾ?" ಎಂದಳು ಅಂಜುತ್ತಲೇ.

ಪರೀಕ್ಷೆಗೆಂದು ಆರಿಸಿಟ್ಟಿದ್ದ ಐದೂ ಬಾಣಗಳನ್ನು ಪ್ರಣತಿ ಅವಳ ಕೈಗಿತ್ತಳು.