ಬಿಟ್ಟಂಗಾಲದ ಬಂಡೆಯ ಗೀರುಗಳು

ಕಣ್ಣು ಮುಚ್ಚಿಕೊಂಡಿದ್ದಾಳೆ ಸಂಹಿತಾ, ಬಂಡೆ ಸವರೋದಕ್ಕೆ ಕಣ್ಣು ಯಾಕೆ ಮುಚ್ಚಬೇಕು, ಅಂಗೈ ಗೀರುಗಳ ಉದ್ದಕ್ಕೂ ಕೆಳಗಿಳಿಯುತ್ತದೆ, ಮತ್ತೆ ಮೇಲಕ್ಕೆ, ಕೆಳಕ್ಕೆ ನುಣುಪು ಗೋಪಿ, ಮೇಲಕ್ಕೆ ತರಚುತ್ತೆ — ಗೋಪಿ ಅಂತೆ, ಹೋದ ವಾರ ಮಡಿಕೇರಿಯಲ್ಲಿ ಗೋಪಿನಾಥಣ್ಣ ಆಗಿದ್ದವನು ಬಿಟ್ಟಂಗಾಲದ ಈ ಪಾಳು ಕ್ವಾರಿಗೆ ಬರುವಷ್ಟರಲ್ಲಿ ಅಣ್ಣನನ್ನು ಎಲ್ಲಿ ಉದುರಿಸಿಕೊಂಡ, ನಾನು ಮಾತ್ರ ಅವಳಿಗೆ ಇನ್ನೂ ಶರಣ್ಯಕ್ಕ, ಅವನಿಗಿಂತ ಚಿಕ್ಕವಳು ನಾನು, ಅವನನ್ನು ಮದುವೆಯಾಗುವವಳು ನಾನು, ಕಲ್ಲು ನೋಡುವ ಅವನ ಪುಟ್ಟ ಲೆನ್ಸ್ ತೂಗುತ್ತಿರುವುದು ಈ ಸಂಹಿತಾಳ ಕುತ್ತಿಗೆಯಲ್ಲಿ, ಬಂಡೆಗಳ ಸಂಶೋಧನೆಗೆ ಸೇರಿ ತಿಂಗಳೂ ಆಗದವಳ ಕುತ್ತಿಗೆಯಲ್ಲಿ. ತಿತಿಮತಿಯ ರಸ್ತೆ ಬದಿಯಲ್ಲಿ, ನನ್ನ ಮೊದಲ ಬಂಡೆಯಲ್ಲಿ, ಅವನು ನನ್ನ ಮಣಿಕಟ್ಟು ಹಿಡಿದು ಹೀಗೇ ಸವರಿಸಿದ್ದ, ಎರಡು ಬಂಡೆ ಉಜ್ಜಿಕೊಂಡು ಸರಿದಾಗ ಬಿದ್ದ ಗೀರು ಕಣೇ ಇದು, ಕೈ ಯಾವ ಕಡೆ ನುಣ್ಣಗೆ ಹೋಗುತ್ತೋ ಕಳಚಿಹೋದ ಬಂಡೆ ಆ ಕಡೆ ಸರಿದಿದೆ, ಆದರೆ ಕೈಯೊಂದನ್ನೇ ನಂಬಬೇಡ, ಗೀರಿಗೆ ಅಡ್ಡಲಾಗಿರುವ ಈ ಪುಟ್ಟ ಮೆಟ್ಟಿಲುಗಳು ಹರಳು ಬೆಳೆದು ಆದದ್ದೋ ಕಲ್ಲು ಒಡೆದು ಆದದ್ದೋ ನೋಡು, ಒಡೆದದ್ದಾದರೆ ಉಲ್ಟಾ ಇರಬಹುದು — ನಾನು ಅವತ್ತು ತಪ್ಪು ಹೇಳಿದ್ದೆ, ಅವನು ಮೂಗಿನಲ್ಲೇ ನಕ್ಕಿದ್ದ.

ಏನಮ್ಮಾ, ಕಲ್ಲಿಗೂ ಎಣ್ಣೆ ತಿಕ್ತೀರಾ, ಬೇಲಿಯಾಚೆಯಿಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚಂದ್ರು, ಎಣ್ಣೆ ಮರೆತು ಬಂದ್ವಿ ಚಂದ್ರಣ್ಣ, ನೀವೇ ತನ್ನಿ, ಅಂದಳು ಸಂಹಿತಾ, ಗೋಪಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕ, ಅವನ ಗಂಟಲು ಹಾಗೆ ಕುಣಿಯುವುದನ್ನು ನಾನು ಯಾವಾಗ ನೋಡಿದ್ದೆ, ನೋಡಿಯೇ ಇಲ್ಲ. ಕೆಳಕ್ಕೇ ಸರಿದಿದೆ, ಬೇಕಾದ್ರೆ ಬೆಟ್ ಕಟ್ಟಿ, ಅನ್ನುತ್ತಾಳೆ. ನನಗ್ಯಾಕೋ ಅನುಮಾನ, ಶರಣ್ಯಾ, ನೀನೊಂದು ಸಲ ನೋಡು, ಅಂದ ಗೋಪಿ. ಲೆನ್ಸ್ ಬಿಚ್ಚಿಕೊಟ್ಟಳು, ಬೆಚ್ಚಗಿದೆ, ಅವಳ ಬಿಸಿ, ಬಂಡೆಗೆ ಮುಖ ಒತ್ತಿದೆ — ಬಿಳಿ ಹರಳಿನ ಎಳೆಗಳು, ಬಾಚಿದ ಕೂದಲಿನ ಹಾಗೆ, ಒಂದೊಂದು ಮೆಟ್ಟಿಲ ಮರೆಯಲ್ಲೂ ಬೆಳೆದಿವೆ, ಬೆಳೆದದ್ದೇ, ಒಡೆದದ್ದಲ್ಲ, ಕೆಳಕ್ಕೇ, ಅವಳು ಹೇಳಿದ್ದೇ ಸರಿ, ಮೊದಲ ಬಂಡೆಯಲ್ಲೇ ಸರಿ, ಇನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾನೆ, ಮೊದಲ ಬಂಡೆಯಲ್ಲೇ ಹೇಳಿಬಿಟ್ಟಳು ಗೊತ್ತಾ, ನಮ್ಮ ಮದುವೆಯ ಊಟಕ್ಕೆ ಕೂತಾಗಲೂ.

ಒಡೆದದ್ದು, ಅಂದೆ. ಮೇಲಕ್ಕೆ ಸರಿದಿದೆ.

ಹೌದಾ ಅಕ್ಕ, ಅಷ್ಟೇ ಅಂದಳು, ವಾದ ಮಾಡಲಿಲ್ಲ, ಮಾಡಬೇಕಿತ್ತು, ಲೆನ್ಸನ್ನು ಗೋಪಿಯ ಮುಂದೆ ಹಿಡಿದೆ, ನೀನೂ ನೋಡು, ನೋಡಲಿ ಅಂತಲೋ ನೋಡದಿರಲಿ ಅಂತಲೋ, ಬೇಡ ಬಿಡು, ನೀನು ನೋಡಿದ್ರೆ ನಾನು ನೋಡಿದ ಹಾಗೇ, ಎಂದು ಜೇಬಿನಿಂದ ಸೀಮೆಸುಣ್ಣ ತೆಗೆದ, ನನಗೆ ಬೇಕಿದ್ದದ್ದು ಈ ಮಾತೇ ಅಲ್ಲವೇ, ಸಿಕ್ಕಿತಲ್ಲ, ಬಂಡೆಯ ಮೇಲೆ ಸರಿದ ದಿಕ್ಕಿನ ಬಾಣ ಬರೆಯುತ್ತಿದ್ದಾನೆ, ಮೇಲಕ್ಕೆ, ಅಳಿಸು ಅನ್ನಬೇಕು, ಅಂದರೆ ಯಾಕೆ ಅನ್ನುತ್ತಾನೆ, ಅವಳು ಫೋಟೋ ತೆಗೆಯುತ್ತಿದ್ದಾಳೆ, ಅವನು ತಿದ್ದಿ ತಿದ್ದಿ ದಪ್ಪ ಮಾಡುತ್ತಿದ್ದಾನೆ, ಬಾಣ, ಬಿಳಿ ಬಾಣ, ಅವನ ಕೈಯಿಂದ, ನನ್ನ ಮಾತಿನ ಮೇಲೆ, ಮೇಲಕ್ಕೆ, ಬಾಣ —