ಮತ್ತೆ ಹುಟ್ಟಿ ಬರಬೇಡಿ

ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ ಬೆಳಿಗ್ಗೆ ಕೆ.ಆರ್. ಪುರದ ನಮ್ಮ ಬೀದಿಯ ತುದಿಯಲ್ಲಿ, ಎರಡು ಸರ್ವೆ ಮರದ ಕಂಬಗಳ ನಡುವೆ, ಅವರು ಎಂಟಡಿ ಎತ್ತರಕ್ಕೆ ನಿಂತಿದ್ದರು. ತಲೆಯ ಹಿಂದೆ ಸೂರ್ಯನ ಪ್ರಭೆ. ಕೆಳಗೆ ಕೆಂಪಕ್ಷರದಲ್ಲಿ ‘ಮತ್ತೆ ಹುಟ್ಟಿ ಬನ್ನಿ ಮೇಷ್ಟ್ರೇ.’ ಅದರಡಿ ವಾರ್ಡಿನ ಒಂಬತ್ತು ಮಂದಿ ಮುಖಂಡರ ಮುಖಗಳು. ಹತ್ತನೆಯದು, ಕಪ್ಪು ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ಮಾತಾಡುತ್ತಿದ್ದದ್ದು, ನನ್ನ ಚಿಕ್ಕಪ್ಪನ ಮಗ ಸೂರ್ಯ. ಮೇಲೂ ಸೂರ್ಯ, ಕೆಳಗೂ ಸೂರ್ಯ, ನಡುವೆ ಅಪ್ಪನಿಗೆ ಗ್ರಹಣ.

ಅಪ್ಪ, ಪ್ರೊಫೆಸರ್ ಅಂಜನಮೂರ್ತಿ, ದಂಡು ಪ್ರದೇಶದ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ನಮ್ಮದು ಬುದ್ಧನನ್ನು ಒಪ್ಪಿದ ಮನೆ; ಆತ್ಮವಿಲ್ಲ, ಮರುಹುಟ್ಟಿಲ್ಲ ಎಂಬುದು ಅವರ ಪಾಠ. ಬೆಳಿಗ್ಗೆ ನನ್ನ ತಂಗಿ ಹೇಮಶ್ರೀಗೆ ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ, ಅದೇ ಕೈಯಲ್ಲಿ ಹೋಗಿ ಬೋರ್ಡಿನ ಮೇಲೆ ‘ಯಾವುದೂ ಶಾಶ್ವತವಲ್ಲ’ ಎಂದು ಬರೆಯುತ್ತಿದ್ದರು. ಜಡೆ ಮಾತ್ರ ಸಂಜೆಯವರೆಗೂ ಸಡಿಲವಾಗುತ್ತಿರಲಿಲ್ಲ.

ಭಾನುವಾರ ರಸೆಲ್ ಮಾರುಕಟ್ಟೆಗೆ ಹೋದರೆ ಸೊಪ್ಪು ಮಾರುವ ನೂರ್ಜಹಾನ್ ಜೊತೆ ವಾದ.

“ನಿನ್ನೆ ಇದ್ದ ಸೊಪ್ಪೇ ಇವತ್ತೂ ಇರೋದು ಅಂತ ಹೇಗಮ್ಮ ಹೇಳ್ತೀಯ?”

“ಹೋದ್ವಾರ ಬಂದಿದ್ದ ತಲೆನೋವೇ ಈ ವಾರಾನೂ ಬಂದೈತೆ ಅಂತೀನಲ್ಲ ಸಾರ್, ಹಂಗೇ.”

ಸೋತು ಬಂದ ಕಥೆಯನ್ನು ಅಪ್ಪನೇ ಹೇಳಿ ನಗುತ್ತಿದ್ದರು. ನಾನು ಇಬ್ಬರ ದನಿಯನ್ನೂ ಅನುಕರಿಸಿ ತೋರಿಸುತ್ತಿದ್ದೆ.

ಕೊನೆಯ ವಾರ ಅವರು ಕೇಳಿದ್ದು ಒಂದೇ. “ನಾನು ಹೋದ್ಮೇಲೆ ನನ್ನ ಬಗ್ಗೆ ಸುಳ್ಳು ಹೇಳ್ಬೇಡಿ. ಒಳ್ಳೇ ಸುಳ್ಳೂ ಬೇಡ.” ಅಮ್ಮ ಗೋವಿಂದಮ್ಮ ಅವರ ಕೈ ಮೇಲೆ ಕೈಯಿಟ್ಟು ಆಯ್ತು ಎಂದಿದ್ದಳು.

“ಇದೇನೋ ಸೂರ್ಯ,” ಎಂದೆ, ಆ ಬೆಳಿಗ್ಗೆ ಕಂಬದ ಬಳಿ ನಿಂತಿದ್ದವನಿಗೆ. “ಅಪ್ಪ ಫ್ಲೆಕ್ಸಿಬಲ್ ಆಗಿದ್ರು ನಿಜ, ಅದಕ್ಕೆ ಫ್ಲೆಕ್ಸೇ ಮಾಡ್ಬಿಡೋದಾ?”

“ಎಲ್ರಿಗೂ ಹಾಕೋ ಸಾಲೇ ಅಲ್ವಾ ಸುಗತಣ್ಣ. ಹಾಕ್ಲಿಲ್ಲ ಅಂದ್ರೆ ಮನೇವ್ರಿಗೆ ಪ್ರೀತಿ ಇಲ್ಲ ಅಂತಾರೆ ಜನ.”

ಅಮ್ಮ ಮನೆಯೊಳಗಿನಿಂದ ಹೊಲಿಗೆ ಕತ್ತರಿ ತಂದಳು. “ಆ ಸಾಲು ತೆಗಿ.”

ಸೂರ್ಯ ಬಿಳಿಚಿಕೊಂಡ. ಆ ಸಾಲು ಕತ್ತರಿಸಿದರೆ ಅದರಡಿಯ ಹತ್ತು ಮುಖಗಳೂ ಉದುರುತ್ತಿದ್ದವು. ಹತ್ತು ಗಂಟೆಗೆ ಮುಖಂಡರು ನುಡಿನಮನಕ್ಕೆ ಬರುವವರಿದ್ದರು. ವಾರ್ಡ್ ಚುನಾವಣೆಯ ಟಿಕೆಟ್ ಕೊಡುವವರೂ ಅವರೇ.

“ಬಿಳಿ ಪೇಪರ್ ಅಂಟಿಸೋಣ ದೊಡ್ಡಮ್ಮ. ಕಾಣಿಸಲ್ಲ.”

“ಅಡೀಲಿ ಇದ್ದೇ ಇರುತ್ತಲ್ಲ.”

ಅಮ್ಮ ತಾನೇ ಕತ್ತರಿ ಹಾಕಿದಳು. ಫ್ಲೆಕ್ಸಿನ ಮಡಿಸಿದ ಅಂಚು ದಪ್ಪ, ಕತ್ತರಿ ಕಚ್ಚಲಿಲ್ಲ. ಎದುರಿನ ಬಾಡಿಗೆ ಕೋಣೆಯ ಅಂಬಣ್ಣ, ಕಲಬುರಗಿ ಕಡೆಯವರು, ಹಲ್ಲುಜ್ಜುತ್ತಲೇ ಕೇಳಿದರು: “ಯಾಕ್ರೀ ಅಕ್ಕಾರ, ಸರ್ ಮತ್ತ ಹುಟ್ಟಿ ಬರೂದು ಬ್ಯಾಡೇನ್ರಿ ನಿಮಗ?”

“ಬೇಡಪ್ಪ. ಇರೋ ತನಕ ಪೂರ್ತಿ ಇದ್ರು. ಏನೂ ಮಿಗಿಸ್ಕೊಂಡು ಹೋಗಿಲ್ಲ.”

ಅಂಬಣ್ಣ ಬ್ರಷ್ಷನ್ನು ಬಾಯಿಂದ ತೆಗೆದರು. ಅಮ್ಮ ಸೂರ್ಯನ ಕಡೆ ತಿರುಗಿದಳು.

“ನೀನು ಎಸ್ಸೆಸ್ಸೆಲ್ಸಿ ಮೂರ್ನೇ ಸಲ ಫೇಲಾದಾಗ ನಿಮ್ಮಪ್ಪ, ಜನ ಏನಂತಾರೋ ಅಂತ ಅಳ್ತಾ ಕೂತಿದ್ದ. ನಿಮ್ಮ ದೊಡ್ಡಪ್ಪ ಏನಂದ್ರು, ನೆನಪಿದ್ಯಾ?”

ಸೂರ್ಯ ನೆಲ ನೋಡಿದ. “ಜನ ಏನಾದ್ರೂ ಅಂದ್ಕೊಳ್ಳಲಿ, ಪುಸ್ತಕ ತಗೊಂಡು ನಮ್ಮನೆಗೆ ಬಾ, ಅಂದ್ರು.”

“ಬಂದಿದ್ದು ಮರೆತೋಯ್ತಾ?”

ಸೂರ್ಯ ತಲೆಯೆತ್ತಿ ಫ್ಲೆಕ್ಸಿನಲ್ಲಿದ್ದ ತನ್ನದೇ ಕಪ್ಪು ಕನ್ನಡಕವನ್ನು ನೋಡಿದ. ಆಮೇಲೆ ಅಮ್ಮನ ಕೈಯಿಂದ ಕತ್ತರಿ ತೆಗೆದುಕೊಂಡು, ಅಂಚನ್ನು ಹಲ್ಲಿನಿಂದ ಹರಿದು, ಸರ್ರನೆ ಕತ್ತರಿಸುತ್ತ ಈ ಕಂಬದಿಂದ ಆ ಕಂಬಕ್ಕೆ ನಡೆದ. ಕೆಂಪಕ್ಷರವೂ ಹತ್ತು ಮುಖಗಳೂ ಸುರುಳಿಯಾಗಿ ಬಿದ್ದವು.

ಹತ್ತಕ್ಕೆ ಕಾರು ಬಂತು. ದೊಡ್ಡ ಮುಖಂಡರು ಇಳಿದವರೇ ಅಪ್ಪನ ಕಾಲಡಿ ತಮ್ಮನ್ನು ಹುಡುಕಿದರು.

“ನಾವೆಲ್ಲಿ ಸೂರ್ಯ?”

“ಕತ್ತರಿಸ್ದೆ ಅಣ್ಣ.”

“ಯಾರನ್ನ ಕೇಳಿ?”

“ಅವ್ರನ್ನೇ,” ಎಂದು ಅಪ್ಪನ ಕಡೆ ಕೈ ತೋರಿಸಿದ. “ಮತ್ತೆ ಹುಟ್ಟಲ್ಲ ಅಂತ ಮೊದ್ಲಿಂದ ಹೇಳ್ತಿದ್ರು. ನಾನೇ ಕಿವಿಗೆ ಹಾಕ್ಕೊಂಡಿರ್ಲಿಲ್ಲ.”

ಮುಖಂಡರು ಕಾರಿನ ಬಾಗಿಲನ್ನು ಇನ್ನೂ ಮುಚ್ಚಿರಲಿಲ್ಲ. ಅದೇ ಬಾಗಿಲಲ್ಲಿ ಹತ್ತಿ ಕೂತರು. ಹಿಂದೆ ನಿಂತಿದ್ದ ಎರಡು ಕಾರುಗಳೂ ತಿರುಗಿದವು.

“ಟಿಕೆಟ್ ಹೋಯ್ತಲ್ಲೋ,” ಎಂದೆ.

“ಹೋಗ್ಲಿ ಬಿಡು ಗುರು.” ಅವನು ನುಡಿನಮನಕ್ಕೆ ಹಾಕಿಸಿದ್ದ ಶಾಮಿಯಾನದೊಳಗೆ ಹೋಗಿ, ಮುಖಂಡರಿಗೆಂದು ಮುಂದಿನ ಸಾಲಿನ ಕುರ್ಚಿಗಳ ಬೆನ್ನಿಗೆ ಕಟ್ಟಿದ್ದ ಬಿಳಿ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿ, ಬೀದಿಗೆಲ್ಲ ಕೇಳುವಂತೆ ಕೂಗಿದ:

“ಅಂಬಣ್ಣಾರೇ, ಮುಂದೆ ಬಂದು ಕೂತ್ಕೊಳ್ಳಿ. ಜಾಗ ಬೇಕಾದಷ್ಟಿದೆ.”