ಗೋಡೆ ಮುಗಿದಲ್ಲಿಂದಾಚೆ

ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹಿನ್ನೀರು, ನಡುವಿನ ಮರಳಪಟ್ಟಿಯ ಮೇಲೆ ಸೆಬೆಕೋಪೆ. ಆ ಊರಿನ ಎಸಿನಾಮ್ ಮೀನಿಗೆ ಹೊಗೆ ಕೊಟ್ಟು ಮಾರುವವಳು. ಒಲೆಗೆಂದು ಊರಿನವರೆಲ್ಲ ಹಿನ್ನೀರಿನ ಕೆಸರಲ್ಲಿ ಬೆಳೆದ ಕಾಂಡ್ಲಾ ಮರ ಕಡಿಯುತ್ತಿದ್ದರು.

ರಾಜಧಾನಿ ಅಕ್ರಾದಿಂದ ಅಧಿಕಾರಿಯೊಬ್ಬ ಬಂದ. "ಹವಾಮಾನ ಕೆಟ್ಟಿದೆ, ಕಡಲು ಏರ್ತಿದೆ. ಕಾಂಡ್ಲಾ ಕಡೀಬೇಡಿ, ದಡ ಹಿಡಿದಿಡೋದು ಅದೇ. ನಿಮ್ಮ ಪಾಲಿಂದು ನೀವು ಮಾಡಿ, ಸರ್ಕಾರದ್ದು ಸರ್ಕಾರ ಮಾಡುತ್ತೆ" ಎಂದು ಹೇಳಿಹೋದ. ಆ ಮಾತಿಗೆ ಕತ್ತಿ ಕೆಳಗಿಟ್ಟವಳು ಎಸಿನಾಮ್ ಒಬ್ಬಳೇ. ತೆಂಗಿನ ಸಿಪ್ಪೆ, ಕರಟ ಉರಿಸಿದಳು. ಮೀನು ಕಪ್ಪಿಟ್ಟಿತು, ಗಿರಾಕಿಗಳು ಮೂಗು ಮುರಿದರು. ಆದರೂ ಸೊಂಟಮಟ್ಟದ ಕೆಸರಲ್ಲಿ ನಿಂತು ಹೊಸ ಸಸಿ ನೆಟ್ಟಳು.

ನಾದಿನಿ ಕಫುಯಿ ದಡದಲ್ಲಿ ನಿಂತು ನಕ್ಕಳು. "ಅತ್ತಿಗೆ, ಕಳ್ಳ ಮುಂಬಾಗಿಲಿಂದ ಬರ್ತಿದ್ರೆ ನೀನು ಹಿತ್ತಿಲಿಗೆ ಚಿಲಕ ಹಾಕ್ತಿದ್ದೀಯಲ್ಲ!"

"ಮುಂದುಗಡೆ ಸರ್ಕಾರ ಗೋಡೆ ಕಟ್ಟುತ್ತಂತೆ."

"ಕಟ್ಟುತ್ತೆ, ಕಟ್ಟುತ್ತೆ. ನಾವೆಲ್ಲ ಮೀನಿನ ಹೊಟ್ಟೆ ಸೇರಿದ್ಮೇಲೆ."

ಕೆಲವು ವರ್ಷಗಳ ಮೇಲೆ ಗೋಡೆಯೇನೋ ಬಂತು, ಪಕ್ಕದ ಪೇಟೆಗೆ. ಹೋಟೆಲುಗಳ ಸಾಲು ಮುಗಿಯುವಲ್ಲಿವರೆಗೆ ಕಗ್ಗಲ್ಲು ಸುರಿದು ಲಾರಿಗಳು ವಾಪಸಾದವು. ಅಲ್ಲಿ ತಡೆ ಕಂಡ ಅಲೆಗಳು ಕಲ್ಲು ಮುಗಿದಲ್ಲಿ ಹೊರಳಿ ಸೆಬೆಕೋಪೆಯ ಮೇಲೆ ಬಿದ್ದವು. ಮೊದಲು ಚರ್ಚು ಹೋಯಿತು, ಆಮೇಲೆ ಶಾಲೆಯ ಅಂಗಳ. ಒಂದು ಮಧ್ಯಾಹ್ನ ನೀರು ಮಸಣದ ಅಂಚಿಗೇ ಬಂತು. ಎಸಿನಾಮ್‌ಳ ಗಂಡ, ಕಫುಯಿಯ ಅಣ್ಣ ಅಗ್ಬೆಕೋನನ್ನು ಹೂತದ್ದು ಅಲ್ಲೇ.

ಕಫುಯಿ ಕತ್ತಿ ಹಿಡಿದು, ಅಳುತ್ತ ಓಡಿಬಂದಳು. "ಅತ್ತಿಗೆ, ಅಣ್ಣನ ಕಾಲಕಡೆ ಮರಳು ಕುಸೀತಿದೆ! ಗೂಟ ಹೊಡೀಬೇಕು, ಗಟ್ಟಿ ಗೂಟ."

ಗಟ್ಟಿ ಗೂಟವೆಂದರೆ ಕಾಂಡ್ಲಾ. ಮಿಕ್ಕದ್ದೆಲ್ಲ ಎಂದೋ ಒಲೆ ಸೇರಿತ್ತು. ನಿಂತಿದ್ದವು ಎಸಿನಾಮ್ ನೆಟ್ಟ ಮರಗಳು ಮಾತ್ರ. ಅವಳು ಕತ್ತಿ ಕಸಿದುಕೊಂಡಳು.

"ನೀನು ಮುಟ್ಟಬೇಡ. ನಾನೇ ಕಡೀತೀನಿ."

ತೋಳುದಪ್ಪ ಬೆಳೆದಿದ್ದವು. ಒಂದನ್ನೂ ಬಿಡದೆ ಕಡಿದಳು. ಕತ್ತಲಾಗುವ ತನಕ ಇಬ್ಬರೂ ಗೂಟ ಬಡಿದರು. ಹುಣ್ಣಿಮೆಯ ಉಬ್ಬರಕ್ಕೆ ಗೂಟಗಳೂ ಹೋದವು, ಶವಪೆಟ್ಟಿಗೆಯೂ ಹೋಯಿತು. ಅದರದೊಂದು ಹಲಗೆ ಮಾತ್ರ ದಡಕ್ಕೆ ಬಂದು ಬಿದ್ದಿತ್ತು.

ಕೆಲವು ದಿನಗಳ ಮೇಲೆ ಅದೇ ಅಧಿಕಾರಿ ಬಂದ. ಹಿನ್ನೀರಿನ ಬೊಡ್ಡೆಗಳನ್ನು ನೋಡಿ ತಲೆಯಾಡಿಸಿದ. "ಎಷ್ಟು ಹೇಳಿದ್ರೂ ಕಡಿಯೋದು ಬಿಡಲ್ಲ ನೀವು. ಆಮೇಲೆ ಕಡಲು ಬಂತು ಅಂತ ಬಾಯಿ ಬಡ್ಕೋತೀರಿ."

ಕಫುಯಿ ಅವನ ಮೇಲೇ ಏರಿಹೋದಳು. "ಬಾಯಿ ಮುಚ್ಚಯ್ಯ! ಊರಲ್ಲಿ ನಿನ್ನ ಮಾತು ನಂಬಿದ್ದವಳು ಇವಳೊಬ್ಬಳೇ!"

ಎಸಿನಾಮ್ ನಾದಿನಿಯ ತೋಳು ಹಿಡಿದೆಳೆದಳು.

ಮರುದಿನ ಪಾತ್ರೆಪಗಡ ದೋಣಿಗೆ ಹೇರಿ ಇಬ್ಬರೂ ಹಿನ್ನೀರಿನಾಚೆಯ ದಡಕ್ಕೆ ಹೊರಟರು. ಅಲ್ಲಿ ಅವರಿಗಾಗಿ ಕಾದವರು ಯಾರೂ ಇರಲಿಲ್ಲ. ನಡುನೀರಲ್ಲಿ ಕಫುಯಿ ಮೆಲ್ಲಗೆ ಕೇಳಿದಳು, "ಆ ಕಡೆ ಹೋದ್ಮೇಲೆ ಮತ್ತೆ ನೆಡ್ತೀಯಾ, ಅತ್ತಿಗೆ?"

"ಇಲ್ಲ."

ಕಫುಯಿಗೆ ನಗು ಬರಲಿಲ್ಲ. ತಲೆ ತಗ್ಗಿಸಿ ಹುಟ್ಟು ಹಾಕತೊಡಗಿದಳು.